ಬೋಗುಣಿಯ ಹುಣ್ಣಿಮೆ

2024ರ ನವೆಂಬರ್ 14, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮುದ್ರಣಾಲಯದ ಪರೀಕ್ಷೆಯ ಮೇಜಿನ ಮೇಲೆ, ಹಗಲಿನ ಬೆಳಕಿಗೆ ಹೊಂದಿಸಿದ ದೀಪದ ಕೆಳಗೆ, ಶಾಯಿ ಇನ್ನೂ ಪೂರ್ತಿ ಆರದ ದೊಡ್ಡ ಹಾಳೆಯೊಂದು ಬಂದು ಬಿತ್ತು. ಬಣ್ಣದ ಚುಕ್ಕೆಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ನೋಡಲು ಮಿಲಿ ಭೂತಗನ್ನಡಿ ಹಿಡಿದು ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದಳು.

ಮಿಲಿ ಎನ್ನುವುದು ಅವಳ ಹೆಸರಲ್ಲ. ಭೌತಶಾಸ್ತ್ರ ಓದಿ ಇಲ್ಲಿ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ, ಅರ್ಧ ಮಿಲಿಮೀಟರ್ ವಾಲಿದೆ ಎಂದು ಒಂದು ರಾಶಿ ಔಷಧಿ ಡಬ್ಬಿಗಳನ್ನು ವಾಪಸ್ ಕಳಿಸಿದ್ದಳು. ಅವನ್ನು ಕತ್ತರಿಸಿದ್ದ, ಕಟಿಂಗ್ ಮಷೀನಿನ ಕತ್ತರಿ ಮಾಮ ಸಿಟ್ಟಿನಲ್ಲಿ ಇಟ್ಟ ಹೆಸರು ಅದು. ಸಿಟ್ಟು ಹೋಯಿತು, ಹೆಸರು ಉಳಿಯಿತು.

ಹಾಳೆಯ ಮೇಲೆ ನಲವತ್ತನಾಲ್ಕು ಪೆನ್ಸಿಲ್ ಚಿತ್ರಗಳು ಅಚ್ಚಾಗಿದ್ದವು. ಮೂರನೆಯ ಸಾಲಿನ ಮೊದಲನೆಯದು ಒಂದು ಜೊತೆ ಚಪ್ಪಲಿ. ಎಡಗಾಲಿನದು ಹೊರ ಅಂಚಿನಲ್ಲಿ ಸವೆದು ಹೋಗಿದೆ, ಬಲಗಾಲಿನದು ನಿನ್ನೆ ಕೊಂಡ ಹಾಗಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಪಯಣ’ ಎಂದಿದೆ. ಆ ಚಪ್ಪಲಿ ಮಿಲಿಯ ಮನೆಯಲ್ಲಿ ಇವತ್ತಿಗೂ ಮಂಚದ ಕೆಳಗಿದೆ. ತಂಗಿಯ ಎಡಗಾಲು ಕೊನೆಯ ತಿಂಗಳುಗಳಲ್ಲಿ ಎಳೆಯುತ್ತಿತ್ತು.

ಮುಂದಿನದು ಅರ್ಧ ಮುರಿದ ಕಿಟಕಿಯ ಚಿಲಕ, ‘ಮುಕ್ತಿ’. ಅದರ ಪಕ್ಕದಲ್ಲಿ ಔಷಧಿ ಲೋಟ, ‘ತೃಪ್ತಿ’. ಕೊನೆಯ ಚಿತ್ರದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಗೆ ಹೊಳೆಯುವ ಒಂದು ದುಂಡು, ಅಂಚಿನಲ್ಲಿ ಕಚ್ಚಿದ ಹಾಗೆ ಒಂದು ತಗ್ಗು, ನಡುವೆ ಬೂದು ಕಲೆಗಳು. ಕೆಳಗೆ ‘ಹುಣ್ಣಿಮೆ’ ಎಂದಿತ್ತು.

ಮಿಲಿಗೆ ನಗು ಬಂತು. ಅದು ಚಂದ್ರನಲ್ಲ, ಅವರ ಮನೆಯ ಸ್ಟೀಲ್ ಬೋಗುಣಿ. ಆಸ್ಪತ್ರೆಯಲ್ಲಿ ಕ್ಯಾನ್ಸರಿನ ಔಷಧಿ ಏರಿಸಿಕೊಂಡು ಬಂದ ದಿನಗಳಲ್ಲಿ ತಂಗಿ ವಾಂತಿ ಮಾಡಿಕೊಳ್ಳಲು ಕರಿ ಕಂಬಳಿಯ ಮೇಲೆ ಇಡುತ್ತಿದ್ದ ಬೋಗುಣಿ. ಒಂದು ಸಲ ಅದು ತಂಗಿಯ ಕೈ ಜಾರಿ ಮಂಚದ ಕಾಲಿಗೆ ಬಡಿದು ಅಂಚು ತಗ್ಗಾಗಿತ್ತು.

ಪೆಟ್ಟಿಗೆಯ ಮುಚ್ಚಳಕ್ಕೆಂದು ಅಚ್ಚಾದ ಹಾಳೆಯನ್ನು ಎಳೆದು ನೋಡಿದಳು. ‘ಈಗ. ವರ್ತಮಾನದಲ್ಲಿ ಬದುಕಲು ನಲವತ್ತನಾಲ್ಕು ಕಾರ್ಡುಗಳು. ಚಿತ್ರ ಮತ್ತು ಮಾತು: ಕಾರ್ಡಕ್ಕ.’

ಕಾರ್ಡಕ್ಕ ಹಿಂದೆ ಅವರ ಮನೆಯ ಮೇಲಿನ ಮಹಡಿಯಲ್ಲಿದ್ದವಳು. ಟ್ಯಾರೋ ಕಾರ್ಡು ನೋಡಿ ಭವಿಷ್ಯ ಹೇಳುವುದೇ ಅವಳ ಕಸುಬು. ಅವಳ ಕ್ರಮ ಉಳಿದವರ ಹಾಗಿರಲಿಲ್ಲ. ಕಾರ್ಡುಗಳನ್ನು ಹರಡುತ್ತಿರಲಿಲ್ಲ, ಕಟ್ಟನ್ನು ಮೇಜಿನ ಮೇಲಿಟ್ಟು, ಬಂದವರ ಕೈಯಲ್ಲೇ ಎರಡು ಬದಿ ಹಿಡಿದು ಒಂದಿಷ್ಟನ್ನು ಎತ್ತಿಸುತ್ತಿದ್ದಳು. ಎತ್ತಿದ ಪಾಲಿನ ಅಡಿಯಲ್ಲಿ ಯಾವುದಿದೆಯೋ ಅದೇ ಅವರ ಕಾರ್ಡು. ‘ಬಂದ ತಕ್ಷಣ ತಿರುಗಿಸಿ ನೋಡು, ನೆಟ್ಟಗಿದ್ದಾಗ ಒಂದು ಹೇಳುತ್ತೆ, ತಲೆಕೆಳಗಾದಾಗ ಇನ್ನೊಂದು ಹೇಳುತ್ತೆ’ ಎನ್ನುವುದು ಅವಳ ಖಾಯಂ ಪಾಠ.

ತಂಗಿ ಹಾಸಿಗೆ ಹಿಡಿದಾಗ ಅವಳು ವಾರಕ್ಕೆರಡು ಸಲ ಇಳಿದು ಬರುತ್ತಿದ್ದಳು. ‘ನಾಳೆ ಬಿಟ್ಹಾಕು. ಒಂದು ಕಾರ್ಡು ಎತ್ತು. ಅದರಲ್ಲಿ ಬಟ್ಟಲಿದ್ದರೆ ಈ ರೂಮಲ್ಲಿರೋ ಬಟ್ಟಲು ಹುಡುಕು, ದೀಪ ಇದ್ದರೆ ದೀಪ. ಕಂಡಿದ್ದನ್ನ ಕಂಡ ಹಾಗೆ ಬರಿ’ ಎಂದು ಕೈಗೆ ಪೆನ್ಸಿಲ್ ಕೊಟ್ಟಿದ್ದಳು. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ತಂಗಿ ಎದ್ದು ಕೂತದ್ದು ಆಮೇಲೆಯೇ. ಲೆಕ್ಕಕ್ಕೆ ತಪ್ಪದ ಮಿಲಿ ಇದನ್ನೂ ಲೆಕ್ಕಕ್ಕೆ ಹಿಡಿದಿದ್ದಳು, ಇಷ್ಟವಿಲ್ಲದಿದ್ದರೂ. ಆದರೆ ತಂಗಿ ತೀರಿಕೊಂಡ ವಾರವೇ ಕಾರ್ಡಕ್ಕ ಚಿತ್ರಗಳನ್ನೆಲ್ಲ ‘ಸ್ಕ್ಯಾನ್ ಮಾಡಿಸಿ ಕೊಡ್ತೀನಿ’ ಎಂದು ಒಯ್ದಳು. ಆಮೇಲೆ ಮನೆ ಬದಲಾಯಿಸಿದಳು. ಕೇಳಿದಾಗ, ಸಾಮಾನು ಸಾಗಿಸುವಾಗ ಕಳೆದುಹೋಯಿತು ಎಂದಳು. ಅಮ್ಮ ನಂಬಿದ್ದಳು.

ಮಿಲಿ ಹಾಳೆ ಹಿಡಿದು ಯಜಮಾನರ ಕೋಣೆಗೆ ಹೋದಳು.

“ಸಹಿ ಇದೆಯೇನಮ್ಮ, ನಿನ್ನ ತಂಗಿಯದು?” ಎಂದರು ಯಜಮಾನರು.

“ಇಲ್ಲ. ಅವಳು ಮಾರೋಕೆ ಬರೆದಿರಲಿಲ್ಲ.”

“ಮತ್ತೆ ನಾನೇನು ಮಾಡ್ಲಿ? ಚಪ್ಪಲಿಯನ್ನ ಸಾಕ್ಷಿ ಕಟ್ಟೆಗೆ ಹತ್ತಿಸ್ಲಾ? ಗಿರಾಕಿ ಮೇಲೆ ಕಳ್ಳತನ ಹೊರಿಸಿ ನಾನು ಪ್ರೆಸ್ಸು ನಡೆಸೋ ಹಾಗಿಲ್ಲ. ಅವರೇ ನಾಳೆ ಬಣ್ಣ ನೋಡೋಕೆ ಬರ್ತಾರೆ. ಮಾತಾಡ್ಕೋ. ಜಗಳ ಮಾತ್ರ ಬೇಡ.”

ಮರುದಿನ ಕಾರ್ಡಕ್ಕ ಬಂದಳು. ಅದೇ ಮೆತ್ತನೆಯ ದನಿ, ಅದೇ ಕೈಚೀಲ. ಮಿಲಿಯನ್ನು ನೋಡಿ ಒಂದು ಗಳಿಗೆ ನಿಂತಳೇ ಹೊರತು ಬೆಚ್ಚಲಿಲ್ಲ.

“ನೀನು ಇಲ್ಲೇ ಕೆಲಸ ಮಾಡೋದಾ ಪುಟ್ಟಿ? ನೋಡು, ಎಲ್ಲಿಂದ ಎಲ್ಲಿಗೆ ನಂಟು.”

“ಈ ಚಿತ್ರ ನನ್ನ ತಂಗಿಯದು.”

“ಗೊತ್ತು ಕಣೆ. ಆದರೆ ಬರಿ ಅಂತ ಹೇಳಿದ್ಯಾರು? ಪೆನ್ಸಿಲ್ ಕೊಟ್ಟಿದ್ಯಾರು? ಅವಳ ಕೈಯಿಂದ ಬರೆಸಿದ್ದೇ ನಾನು.”

“ಬರೆಸಿದ್ದು ನೀವು. ನೋಡಿದ್ದು ಅವಳು.”

“ನೋಡಿದವಳು ಈಗ ಇಲ್ವಲ್ಲಮ್ಮ.” ಕಾರ್ಡಕ್ಕ ಇದನ್ನು ಎಷ್ಟು ಮೃದುವಾಗಿ ಹೇಳಿದಳೆಂದರೆ, ಗಾಯಕ್ಕೆ ಹತ್ತಿಯಲ್ಲಿ ಉಪ್ಪು ಒತ್ತಿದ ಹಾಗಿತ್ತು. “ಆ ಮನೆ ನೆನೆಸ್ಕೊಂಡು ಕೂತ್ರೆ ಅವಳು ಬರ್ತಾಳಾ? ಇದರಿಂದ ನಾಲ್ಕು ಜನ ಬದುಕೋದು ಕಲೀಲಿ ಬಿಡು. ತಡಿ.” ಚೀಲದಿಂದ ಮಾದರಿ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. “ಎತ್ತು.”

ಮಿಲಿ ಎತ್ತಿದಳು. ಅಡಿಯಲ್ಲಿದ್ದದ್ದು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಟವೆಲ್. ಕೆಳಗೆ ‘ಬಿಟ್ಟುಬಿಡು’.

“ನಾನು ಹೇಳ್ಲಿಲ್ಲ, ಕಾರ್ಡೇ ಹೇಳ್ತು,” ಎಂದು ಕಾರ್ಡಕ್ಕ ಅವಳ ಕೆನ್ನೆ ತಟ್ಟಿದಳು. “ಡಿಸೆಂಬರ್ ಒಂದಕ್ಕೆ ಬಿಡುಗಡೆ. ಅಮ್ಮನ್ನ ಕರ್ಕೊಂಡು ಬಾ.”

ಕೆನ್ನೆ ಸಂಜೆಯವರೆಗೂ ಉರಿಯುತ್ತಿತ್ತು. ಹಲ್ಲು ಕಚ್ಚಿಕೊಂಡೇ ಮಿಲಿ ಲೆಕ್ಕ ಹಾಕಿದಳು. ಬಿಡುಗಡೆಯ ದಿನ ಬರಿದೇ ಬೈದರೆ ಕಾರ್ಡಕ್ಕ ಮೈಕಿನಲ್ಲಿ ನಕ್ಕು ಸಾಂತ್ವನ ಹೇಳುತ್ತಾಳೆ. ಚಿತ್ರದ ಮೂಲ ಹಾಳೆಗಳು ಅವಳ ಹತ್ತಿರವೇ ಇವೆ. ಮಿಲಿಯ ಹತ್ತಿರ ಉಳಿದಿರುವುದರಲ್ಲಿ ಅವಳ ಸುಳ್ಳು ಬಯಲು ಮಾಡಬಲ್ಲದ್ದು ಬೋಗುಣಿಯೊಂದೇ. ನೂರು ಜನರ ಎದುರು, ವೇದಿಕೆಯ ಮೇಲೆ, ಕಾರ್ಡಕ್ಕನ ಕೈಯಲ್ಲಿ ಹುಣ್ಣಿಮೆಯೇ ಬರಬೇಕು. ಅದನ್ನು ತಾನು ಹೇಗೆ ಬರೆದೆ ಎಂದು ಅವಳು ಬಣ್ಣಿಸಬೇಕು. ಆಗ ಬೋಗುಣಿ ಎತ್ತಿ ಹಿಡಿಯಬೇಕು.

ಹುಣ್ಣಿಮೆಯೇ ಬರುವಂತೆ ಮಾಡುವುದು ಮಂತ್ರವಲ್ಲ, ಅಂಚಿನ ವಿಷಯ. ಕಾರ್ಡಿನ ಅಗಲ 70 ಮಿಲಿಮೀಟರ್. ಒಂದನ್ನು ಹಾಗೇ ಬಿಟ್ಟು ಉಳಿದವನ್ನೆಲ್ಲ ಕೂದಲೆಳೆಯಷ್ಟು ಕಿರಿದು ಮಾಡಿದರೆ, ಎರಡು ಬದಿ ಹಿಡಿದು ಎತ್ತುವ ಬೆರಳು ತನಗೇ ತಿಳಿಯದೆ ಆ ಒಂದಕ್ಕೆ ತಗಲಿ ಅಲ್ಲಿಂದಲೇ ಎತ್ತುತ್ತದೆ.

ಊಟದ ಹೊತ್ತಿನಲ್ಲಿ, ಮಷೀನುಗಳು ಸುಮ್ಮನಿದ್ದಾಗ, ಅವಳು ನಲವತ್ತಮೂರು ಕಾರ್ಡುಗಳನ್ನು ಕತ್ತರಿ ಮಾಮನ ಮುಂದಿಟ್ಟಳು.

“ಉದ್ದದ ಬದಿಯಿಂದ 0.4 ತೆಗೀಬೇಕು ಮಾಮ. ಮೂಲೆ ಮತ್ತೆ ದುಂಡು ಮಾಡ್ಬೇಕು.”

ಮಾಮ ಬುತ್ತಿಯ ಮುಚ್ಚಳ ಹಾಕಿ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಅರ್ಧ ಮಿಲಿಗೆ ನನ್ನ ಮಾನ ಹರಾಜು ಹಾಕ್ದೋಳು ನೀನು. ಈಗ ಬೇಕಂತಲೇ ತಪ್ಪು ಮಾಡು ಅಂತೀಯ.”

“ತಪ್ಪಲ್ಲ. ಅಳತೆ ಪ್ರಕಾರವೇ.”

“ಯಾರ ಅಳತೆ?”

“ನನ್ನದು.”

“ಯಾರದೋ ಕುತ್ತಿಗೆಗೆ ಅಳತೆ ತಗೊಂಡ ಹಾಗಿದೆ,” ಎಂದು ಗೊಣಗುತ್ತಲೇ ಬ್ಲೇಡು ಇಳಿಸಿದ. ಕೆಳಗೆ ಬಿದ್ದದ್ದು ನೂಲಿನಂಥ ಚೂರುಗಳು. ಮಿಲಿ ಹುಣ್ಣಿಮೆಯನ್ನು ನಡುವೆ ಸೇರಿಸಿ ಕಟ್ಟನ್ನು ಅವನ ಮುಂದಿಟ್ಟಳು. ಮಾಮ ಎತ್ತಿದ, ಹುಣ್ಣಿಮೆ. ಕಲಸಿ ಎತ್ತಿದ, ಹುಣ್ಣಿಮೆ. ಮೂರನೆಯ ಸಲ ಎಡಗೈಯಲ್ಲಿ ಎತ್ತಿದ. ಅದೇ.

“ಮಾಟ ಗೀಟ ಕಲ್ತಿದೀಯೇನೇ?”

“ಕಣ್ಣಿಗೆ ಕಾಣಲ್ಲ ಮಾಮ, ಬೆರಳಿಗೆ ಸಿಗುತ್ತೆ. ಹತ್ತಕ್ಕೆ ಎಂಟು ಸಲ.”

“ಉಳಿದೆರಡು ಸಲ?”

“ದೇವರಿದಾನೆ.”

“ಅವನನ್ನ ಇದಕ್ಕೆ ಎಳೀಬೇಡ, ಪಾಪ,” ಎಂದ ಮಾಮ. ಮತ್ತೆ ಬುತ್ತಿ ಬಿಚ್ಚಿದ.

ವೇದಿಕೆಗೆ ಹೋಗುವ ಕಟ್ಟನ್ನು ಮಖಮಲ್ ಚೀಲಕ್ಕೆ ಹಾಕಿ ಕಳಿಸುವುದು ಮಿಲಿಯ ಮೇಜಿನ ಕೆಲಸವೇ ಆಗಿತ್ತು. ಅಷ್ಟು ವರ್ಷಗಳಲ್ಲಿ ತಿಳಿದೂ ತಿಳಿದೂ ಅವಳು ಹೊರಗೆ ಬಿಟ್ಟ ಒಂದೇ ದೋಷವಿರುವ ಮಾಲು ಅದು. ಆ ದಿನಗಳಲ್ಲಿ ಹುಣ್ಣಿಮೆಯ ಅಂಚನ್ನು ಎಷ್ಟು ಸಲ ಅಳೆದಳೋ. ಅಳೆದಾಗಲೆಲ್ಲ ಹೊಟ್ಟೆಯಲ್ಲಿ ಒಂದು ಬಿಸಿ ಸುಖ.

ಡಿಸೆಂಬರ್ ಒಂದು, ಭಾನುವಾರ. ಹೊರಡುವಾಗ ಬೋಗುಣಿಯನ್ನು ಚೀಲಕ್ಕೆ ತುಂಬುತ್ತಿದ್ದ ಮಗಳನ್ನು ಅಮ್ಮ ನೋಡಿದಳು.

“ಅದನ್ಯಾಕೆ ತಗೊಂಡು ಹೋಗ್ತೀಯೆ?”

“ಒಬ್ಬರಿಗೆ ತೋರಿಸ್ಬೇಕು.”

ಅಮ್ಮ ಗಡಿಬಿಡಿಯಲ್ಲಿ ಹಿಂದೆಯೇ ಹೊರಟಳು. ಕನ್ನಡಕವನ್ನೂ ಮರೆತು ಬಂದಳು.

ಸಭಾಂಗಣದಲ್ಲಿ ಮಡಚುವ ಕುರ್ಚಿಗಳು, ಪ್ರತಿ ಕುರ್ಚಿಯ ಮೇಲೂ ಒಂದು ಹೊಸ ಪೆಟ್ಟಿಗೆ. ಮಿಲಿ ಅಮ್ಮನನ್ನು ಎರಡನೆಯ ಸಾಲಿನಲ್ಲಿ ಕೂರಿಸಿದಳು. ಕಾರ್ಡಕ್ಕ ಬಿಳಿ ಬಟ್ಟೆಯಲ್ಲಿ ವೇದಿಕೆಗೆ ಬಂದು, ಉಸಿರು ಎಳೆಯಿರಿ ಎಂದಳು, ಎಲ್ಲರೂ ಎಳೆದರು. ಬಿಡಿ ಎಂದಳು, ಬಿಟ್ಟರು. ಆಮೇಲೆ ಮಖಮಲ್ ಚೀಲ ಬಿಚ್ಚಿ, ಯಾರಾದರೂ ಬನ್ನಿ ಎಂದು ಕರೆದಳು.

ನಿವೃತ್ತ ಮೇಷ್ಟ್ರೊಬ್ಬರು ಹೋಗಿ ಎತ್ತಿದರು. ಹುಣ್ಣಿಮೆ. ಕಾರ್ಡಕ್ಕ ಅದರ ಅರ್ಥ ಹೇಳಿ, ಕಲಸಿ ಇಟ್ಟಳು. ಹೊಸದಾಗಿ ಮದುವೆಯಾದ ಹುಡುಗಿ ಎತ್ತಿದಳು. ಹುಣ್ಣಿಮೆ. ಸಭೆಯಲ್ಲಿ ಗುಜುಗುಜು ಎದ್ದಿತು. ಯಜಮಾನರೇ ನಗುತ್ತ ಹತ್ತಿ ಎತ್ತಿದರು. ಅದೇ ಬಂತು. ಮೂರನೆಯ ಸಲಕ್ಕೆ ಚಪ್ಪಾಳೆ ಬಿತ್ತು, ಹಿಂದಿನ ಸಾಲಿನವರು ಎದ್ದು ನಿಂತರು, ಯಾರೋ ಕೈ ಮುಗಿದರು. ಕಾರ್ಡಕ್ಕನ ಕಣ್ಣಲ್ಲಿ ನೀರೇ ಬಂತು; ಅದು ನಾಟಕವಾಗಿರಲಿಲ್ಲ, ಅವಳೂ ನಂಬಿದ್ದಳು.

ಈ ಚಪ್ಪಾಳೆ ಮಿಲಿಯ ಲೆಕ್ಕದಲ್ಲಿರಲಿಲ್ಲ. ತಾನು ತೋಡಿದ ಗುಂಡಿಯ ಮಣ್ಣಿನಿಂದಲೇ ಶತ್ರುವಿಗೆ ಸಿಂಹಾಸನ ಕಟ್ಟಿಕೊಟ್ಟ ಹಾಗಾಗಿತ್ತು. ಆದರೂ ಎದ್ದಳು.

“ಒಂದು ಪ್ರಶ್ನೆ. ಇದನ್ನ ಬರೆಯುವಾಗ ನಿಮ್ಮ ಎದುರಿಗೆ ಏನಿತ್ತು?”

ಕಾರ್ಡಕ್ಕ ಅವಳನ್ನು ಕಂಡಳು. ಚಪ್ಪಾಳೆಯ ಬಿಸಿ ಇನ್ನೂ ಮೈಯಲ್ಲಿತ್ತು, ಹಿಂದೆಗೆಯಲು ಮನಸ್ಸಾಗಲಿಲ್ಲ. “ತಾರಸಿ ಮೇಲೆ ಕೂತಿದ್ದೆ. ಹುಣ್ಣಿಮೆ. ಒಂದು ಮೋಡ ಬಂದು ಚಂದ್ರನ್ನ ಕಚ್ಚಿತು. ಆ ಕ್ಷಣ ಹಾಗೇ ಬರೆದೆ.”

ಮಿಲಿ ಬೋಗುಣಿಯನ್ನು ಹೊರತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. “ನಿಮ್ಮ ಚಂದ್ರ ಇಲ್ಲಿದಾನೆ. ಕಚ್ಚಿದ್ದು ಮೋಡ ಅಲ್ಲ, ಮಂಚದ ಕಾಲು. ಇದು ನನ್ನ ತಂಗಿ ವಾಂತಿ ಮಾಡ್ಕೋತಿದ್ದ ಬೋಗುಣಿ. ಬರೆದವಳು ಅವಳು. ನಿಮ್ಮ ಕೈಲಿರೋ ಕಾರ್ಡು ನೋಡ್ಕೊಳ್ಳಿ ಎಲ್ಲರೂ.”

ಪೆಟ್ಟಿಗೆಗಳು ಬಿಚ್ಚಿದ ಸದ್ದು. ಬೋಗುಣಿ ಕೈಯಿಂದ ಕೈಗೆ ಹೋಯಿತು. ಯಾರೋ “ತಗ್ಗು ಅಲ್ಲೇ ಇದೆ ನೋಡ್ರಿ” ಎಂದರು. ಕಾರ್ಡಕ್ಕ ಮೈಕನ್ನು ಎದೆಗೆ ಒತ್ತಿಕೊಂಡು ನಿಂತಳು. ಆಮೇಲೆ ಮುಗುಳ್ನಕ್ಕಳು.

“ನೋವಿಗೆ ನೂರು ರೂಪ, ಈ ಮಗೂಗೆ ಹೀಗೆ ಕಂಡಿದೆ. ತಗ್ಗಾದ ಪಾತ್ರೆ ಯಾರ ಮನೇಲಿಲ್ಲ? ಬೋಗುಣಿಯಲ್ಲೂ ಚಂದ್ರನ್ನ ಕಾಣೋದೇ ವರ್ತಮಾನ. ಇವಳ ತಂಗಿಗಾಗಿ ಒಂದು ನಿಮಿಷ ಉಸಿರು ಎಳೆಯೋಣ.”

ಕೆಲವರು ನಿಜಕ್ಕೂ ಎಳೆದರು. ಯಾರದೇ ಮನೆಯ ತಗ್ಗಾದ ಪಾತ್ರೆ. ಅದು ತಮ್ಮ ಮನೆಯದೇ ಎಂದು ತೋರಿಸಲು ಮಿಲಿ ಬೇರೇನೂ ತಂದಿರಲಿಲ್ಲ.

ಆಗ ಅಮ್ಮ ಮಾತಾಡಿದಳು. ಕೂತಲ್ಲಿಂದಲೇ, ಪಕ್ಕದ ಮನೆಯವರನ್ನು ಕರೆಯುವಷ್ಟೇ ದನಿಯಲ್ಲಿ. ಕನ್ನಡಕವಿಲ್ಲದ ಕಣ್ಣಿಗೆ ಕಾರ್ಡನ್ನು ಮಾರುದ್ದ ದೂರ ಹಿಡಿದಿದ್ದಳು.

“ನೀನೇ ಹೇಳಿಕೊಡ್ತಿದ್ದೆಯಲ್ಲಮ್ಮ, ಕಾರ್ಡು ಬಂದ ತಕ್ಷಣ ತಿರುಗಿಸಿ ನೋಡು ಅಂತ. ಇದನ್ನ ತಿರುಗಿಸಿ ನೋಡ್ಲೇ ಇಲ್ವಾ ನೀನು? ತಲೆಕೆಳಗೆ ಅಚ್ಚು ಹಾಕಿಸಿದೀಯ.” ಅಮ್ಮ ಕಾರ್ಡಿನ ಮೇಲೆ ಹೆಬ್ಬೆರಳು ಸವರಿದಳು. “ಇಲ್ಲೇ ಇದಾಳಲ್ಲ.”

ಮಿಲಿ ಅಮ್ಮನ ಕೈಯಲ್ಲಿದ್ದ ಕಾರ್ಡಿಗೆ ಬಗ್ಗಿದಳು. ತಲೆಕೆಳಗು ಮಾಡಿದ ಹುಣ್ಣಿಮೆಯಲ್ಲಿ ಚಂದ್ರನ ಕಲೆಗಳು ಕಲೆಗಳಾಗಿ ಉಳಿಯಲಿಲ್ಲ. ತಲೆಗೆ ಕಟ್ಟಿದ ಬಟ್ಟೆಯ ಗಂಟು ಕಂಡಿತು. ಅದರ ಕೆಳಗೆ ಹುಬ್ಬಿಲ್ಲದ ಎರಡು ಕಣ್ಣು, ಒಂದು ಗದ್ದ, ಗದ್ದದ ಪಕ್ಕದಲ್ಲಿ ಪೆನ್ಸಿಲಿನ ತುದಿ. ತೊಳೆದಿಟ್ಟ ಬೋಗುಣಿಯ ತಳದಲ್ಲಿ ತನ್ನನ್ನೇ ಬಗ್ಗಿ ನೋಡುತ್ತ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದ ತಂಗಿ.

ಸಭೆಯಲ್ಲಿ ಒಬ್ಬೊಬ್ಬರೇ ಕಾರ್ಡು ತಿರುಗಿಸಿದರು. ಬೀಸಣಿಗೆ ಮಡಚಿದ ಹಾಗೆ ಸಣ್ಣ ಸದ್ದು ಹಿಂದಿನ ಸಾಲಿನವರೆಗೂ ಹೋಯಿತು. ವೇದಿಕೆಯ ಮೇಲೆ ಕಾರ್ಡಕ್ಕನೂ ತಿರುಗಿಸಿದಳು. ಅವಳ ಬಾಯಿ ಮೈಕಿನ ಹತ್ತಿರವೇ ಇತ್ತು.

“ನಾನು ನೋಡ್ಲೇ ಇಲ್ಲ,” ಎಂದಳು. ಯಾರಿಗೂ ಹೇಳಿದ್ದಲ್ಲ. ಆದರೆ ನಾಲ್ಕೂ ಸ್ಪೀಕರುಗಳು ಅದನ್ನು ಹೇಳಿದವು.

ಮೊದಲ ಸಾಲಿನ ಮೇಷ್ಟ್ರು ತಮ್ಮ ಪೆಟ್ಟಿಗೆಯನ್ನು ವೇದಿಕೆಯ ಅಂಚಿಗೆ ಇಟ್ಟು ಹೊರಟರು. ಮದುಮಗಳೂ ಇಟ್ಟಳು. ಕಾರ್ಡಕ್ಕ ಮಿಲಿಯ ಕಡೆ ತಿರುಗಿದಳು, ಮುಖದಲ್ಲಿ ರಕ್ತವಿರಲಿಲ್ಲ. “ತಪ್ಪಾಯ್ತು ಪುಟ್ಟಿ. ನಾಳೆನೇ ಪೆಟ್ಟಿಗೆ ಮೇಲೆ ಅವಳ ಹೆಸರು ಹಾಕಿಸ್ತೀನಿ.”

“ನಾಳೆ ಅನ್ನೋದು ನಿಮ್ಮ ಪಾಠದಲ್ಲಿಲ್ಲ,” ಎಂದಳು ಮಿಲಿ. “ಈಗ ಹೇಳಿ.”

ಕಾರ್ಡಕ್ಕ ಮೈಕಿನಲ್ಲಿ ತಂಗಿಯ ಹೆಸರು ಹೇಳಿದಳು. ದನಿ ಒಡೆದಿತ್ತು.

“ಒಂದು ಕಾರ್ಡಿಗೆ ಆಯ್ತು. ಕಟ್ಟಿನಲ್ಲಿ ಇನ್ನೂ ನಲವತ್ತಮೂರು ಇವೆ. ಒಂದೊಂದೇ ಎತ್ತಿ. ಅದು ಏನು ಅಂತ ನಾನು ಹೇಳ್ತೀನಿ, ಯಾರದು ಅಂತ ನೀವು ಹೇಳಿ.”

ಯಜಮಾನರು “ಸಾಕಮ್ಮ” ಎಂದು ಎದ್ದರು. ಮಿಲಿ ಅವರ ಕಡೆ ನೋಡಲಿಲ್ಲ. ಕಾರ್ಡಕ್ಕ ಮೊದಲನೆಯದನ್ನು ಎತ್ತಿದಳು.

“ಪಯಣ ಅಲ್ಲ. ಚಪ್ಪಲಿ,” ಎಂದಳು ಮಿಲಿ. “ಎಡಗಾಲಿನದು ಸವೆದಿದೆ.”

ಕಾರ್ಡಕ್ಕ ಹೆಸರು ಹೇಳಿದಳು.

“ಮುಕ್ತಿ ಅಲ್ಲ. ಚಿಲಕ. ಗಾಳಿಗೆ ಬಡ್ಕೋತಿತ್ತು, ಅವಳಿಗೆ ನಿದ್ದೆ ಬರ್ತಿರಲಿಲ್ಲ.”

ಹೆಸರು.

“ತೃಪ್ತಿ ಅಲ್ಲ. ಔಷಧಿ ಲೋಟ. ಕಹಿ.”

ಹೆಸರು. ಜನ ಏಳತೊಡಗಿದರು. ಕುರ್ಚಿಗಳು ಮಡಚಿಕೊಂಡವು. ಅರ್ಧ ಕಟ್ಟು ಮುಗಿಯುವ ಹೊತ್ತಿಗೆ ಕಾರ್ಡಕ್ಕ ವೇದಿಕೆಯ ಮೇಲೆ ಕೂತುಬಿಟ್ಟಿದ್ದಳು. ಅಮ್ಮ ಮಿಲಿಯ ಸೆರಗು ಹಿಡಿದು ಎಳೆದಳು. “ಸಾಕು ಬಾರೇ. ಕೇಳೋಕೆ ಯಾರೂ ಇಲ್ಲ.”

“ಅವರು ಕೇಳ್ತಿದಾರೆ,” ಎಂದಳು ಮಿಲಿ. “ಬಿಟ್ಟುಬಿಡು ಅಲ್ಲ. ಟವೆಲ್. ಅಮ್ಮ ದಿನಾ ಎರಡು ಸಲ ಒಗೀತಿದ್ದಳು.”

ಕೊನೆಯ ಕಾರ್ಡಿನವರೆಗೂ ಅವಳು ನಿಂತೇ ಇದ್ದಳು. ಆಮೇಲೆ ಬೋಗುಣಿ ತೆಗೆದುಕೊಂಡು, ವೇದಿಕೆಯ ಅಂಚಿನಲ್ಲಿ ರಾಶಿಬಿದ್ದ ಪೆಟ್ಟಿಗೆಗಳನ್ನು ಕಾರ್ಡಕ್ಕ ಒಬ್ಬಳೇ ಆಯುತ್ತಿದ್ದುದನ್ನು ಬಾಗಿಲಿನಿಂದ ಒಮ್ಮೆ ನೋಡಿ, ಕೈ ಹಾಕದೆ ಹೊರಬಂದಳು. ಹೊಟ್ಟೆಯಲ್ಲಿ ಆ ಬಿಸಿ ಸುಖ ಇತ್ತು. ಇಲ್ಲ ಎನ್ನುವುದು ಸುಳ್ಳಾಗುತ್ತದೆ.

ಸೋಮವಾರ ಬೆಳಿಗ್ಗೆ ಮೇಜಿನ ದೀಪ ಹಾಕಿ, ಅವಳು ಒಂದು ಹುಣ್ಣಿಮೆಯನ್ನು ತಲೆಕೆಳಗಾಗಿ, ಅಂದರೆ ನೆಟ್ಟಗೆ, ಇಟ್ಟುಕೊಂಡಳು. ಮುಚ್ಚಳದ ಹೊಸ ಅಚ್ಚು ತಂಗಿಯ ಹೆಸರಿನೊಂದಿಗೆ ಮಧ್ಯಾಹ್ನ ಬರುವುದಿತ್ತು. ಯಜಮಾನರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ, ಆದರೆ ಕೆಲಸ ನಿಲ್ಲಿಸಿರಲಿಲ್ಲ. ಎರಡು ವಾರ ಈ ಕಾರ್ಡು ಅವಳ ಕೈಯಲ್ಲೇ ಇತ್ತು. ಅಂಚಿನ ಅಳತೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ಒಂದು ಸಲವೂ ನೋಡಿರಲಿಲ್ಲ.

ಕತ್ತರಿ ಮಾಮ ಹಾದುಹೋಗುತ್ತಿದ್ದವನು ನಿಂತ. “ಇನ್ನೂ ಅಂಚು ಅಳೀತಾ ಇದೀಯ?”

“ಇಲ್ಲ ಮಾಮ. ಮುಖ.”

ಅವನು ಟೋಪಿ ತೆಗೆದು ಪಕ್ಕದಲ್ಲಿ ನಿಂತ. ಮಿಲಿ ಸೂಕ್ಷ್ಮ ಅಳತೆಯ ಕ್ಯಾಲಿಪರಿನ ಎರಡು ಮೊನೆಗಳನ್ನು ಕಾಗದಕ್ಕೆ ತಗಲದ ಹಾಗೆ ಇಳಿಸಿ, ಉಸಿರು ಹಿಡಿದು ಓದಿದಳು. ತಲೆಬಟ್ಟೆಯ ಗಂಟಿನಿಂದ ಗದ್ದದ ತುದಿಯವರೆಗೆ 9.2 ಮಿಲಿಮೀಟರ್.